ದೆವ್ವ ನೋಡಿ ಬಂದ ದಿನ ಅಜ್ಜಿಯ ಮುತ್ತು ಬೇಡ

ಕಿಸ್ಸಿಮ್ಮಿ ಪಟ್ಟಣದಲ್ಲಿ ಅಕ್ಟೋಬರ್ ಬಂತೆಂದರೆ ಮಕ್ಕಳಿಗೆ ಊಟ ನಿದ್ದೆ ಬೇಡ, ದೆವ್ವ ಬೇಕು. ಊರಾಚೆಯ ದೊಡ್ಡ ಥೀಮ್ ಪಾರ್ಕಿನಲ್ಲಿ ಹ್ಯಾಲೋವೀನ್ ಹಬ್ಬಕ್ಕೆಂದು ಬಣ್ಣ ಬಳಿದುಕೊಂಡ ದೆವ್ವಗಳು ಕತ್ತಲಿಂದ ಹಾರಿ ಬಂದು ಹೆದರಿಸುತ್ತವೆ. ಕೊರೋನಾದ ಆ ವರ್ಷ ಹಬ್ಬ ನಡೆಯುವುದಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ನಡೆಯುತ್ತದೆ ಎಂಬ ಸುದ್ದಿ ಬಂದ ದಿನವೇ ಆ ಊರಿನ ಮರಿಬೆಲ್ ಎಂಬವಳ ನಿದ್ದೆ ಹಾರಿತು.

ಅವಳಿಗೆ ದೆವ್ವದ ಭಯವಲ್ಲ. ಮನೆಯಲ್ಲಿ ಅತ್ತೆ ದೋನ್ಯಾ ಪ್ರೊವಿ ಇದ್ದರು. ಅವರ ಶ್ವಾಸಕೋಶ ಮೊದಲೇ ಸೋತಿತ್ತು. "ಇವರಿಗೆ ಈ ರೋಗ ತಗುಲಿದರೆ ಕಷ್ಟ," ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಪೋರ್ಟೊರಿಕೋ ಮೂಲದ ಆ ಮನೆಯಲ್ಲಿ ಹೊರಗಿನಿಂದ ಬಂದವರು ಮೊದಲು ಹಿರಿಯರ ಬಳಿ ಹೋಗಿ "ಆಶೀರ್ವಾದ" ಎಂದು ಕೇಳಬೇಕು. ಹಿರಿಯರು ಹರಸಿ ಕೆನ್ನೆಗೆ ಮುತ್ತು ಕೊಡಬೇಕು. ಮರಿಬೆಲ್ ಆ ಮುತ್ತಿಗೆ ಹೆದರುತ್ತಿದ್ದಳು.

ಗಂಡ ವಿಲ್ಫ್ರೆಡೊಗೆ ಇದೆಲ್ಲ ತಲೆಗೇ ಹೋಗಲಿಲ್ಲ.

"ನನ್ನ ತೋಳದ ಮುಖವಾಡ ಇಲ್ವೇನೇ? ತಲೆಯಿಂದ ಕತ್ತಿನವರೆಗೂ ರಬ್ಬರು. ಅದರ ಮುಂದೆ ನಿನ್ನ ಬಟ್ಟೆ ಮಾಸ್ಕ್ ಯಾವ ಲೆಕ್ಕ?"

ಬೇಲಿಯಾಚೆಯಿಂದ ಪಕ್ಕದ ಮನೆಯ ಎಡ್ಗಾರ್ಡೊ ನಕ್ಕ. ಪಾರ್ಕಿನಲ್ಲಿ ಪ್ರತಿ ವರ್ಷ ದೆವ್ವದ ವೇಷ ಹಾಕುವವನು ಅವನೇ.

"ಆ ತೋಳದ ಮೂಗಲ್ಲಿ ಎರಡು ತೂತಿದೆ ಕಣೋ ವಿಲ್ಲಿ. ನಿನ್ನ ಉಸಿರನ್ನ ಊರಿಗೆಲ್ಲ ಹಂಚ್ತೀಯ. ಗೇಟಲ್ಲೇ ಬಿಚ್ಚಿಸ್ತಾರೆ. ಬಟ್ಟೆ ಮಾಸ್ಕೇ ಬೇಕು, ಮೂಗು ಬಾಯಿ ಎರಡೂ ಮುಚ್ಚಿರ್ಬೇಕು. ನಾವೂ ಈ ಸಲ ಮೈಮೇಲೆ ಬೀಳಲ್ಲ, ಗಾಜಿನ ಹಿಂದೆ ನಿಂತು ಹೆದರಿಸ್ತೀವಿ."

"ಗಾಜಿನ ಹಿಂದಿನ ದೆವ್ವಕ್ಕೆ ಯಾವನೋ ಹೆದರ್ತಾನೆ?"

"ಹೆದರ್ಲಿ ಬಿಡ್ಲಿ, ಕಿರುಚ್ತಾರಲ್ಲ. ಕಿರುಚಿದಾಗಲೇ ಉಸಿರು ದೂರ ಹೋಗೋದು. ಹೋಗೋದಾದ್ರೆ ಹೋಗಿ. ಬಂದ್ಮೇಲೆ ಮಾತ್ರ ಕೆಲವು ದಿನ ದೋನ್ಯಾ ಪ್ರೊವಿ ಹತ್ರ ಸುಳೀಬೇಡಿ. ಅವ್ರ ಊಟ ಬಾಗಿಲಲ್ಲಿಡಿ, ಕಿಟಕಿ ತೆಗೆದಿಡಿ, ಮನೆಯೊಳಗೂ ಮಾಸ್ಕ್ ಹಾಕಿ."

ಭೂತದ ಬಾಯಲ್ಲಿ ಭಗವದ್ಗೀತೆ ಎಂದರೆ ಇದೇ ಇರಬೇಕು.

ಮಗಳು ಯಾರೆಲಿಸ್‌ಳ ಹಟಕ್ಕೆ ಮೂವರೂ ಹೊರಟರು. ಪಾರ್ಕಿನ ನೆಲದ ಮೇಲೆ ನಿಲ್ಲುವ ಜಾಗಕ್ಕೆಲ್ಲ ಗುರುತು ಹಾಕಿದ್ದರು. ಮರಿಬೆಲ್ ದೆವ್ವಗಳನ್ನು ನೋಡಲೇ ಇಲ್ಲ, ಜನರ ಮೂಗುಗಳನ್ನೇ ನೋಡುತ್ತಿದ್ದಳು. ಭೂತದ ಮನೆಯೊಳಗೆ ವಿಲ್ಫ್ರೆಡೊ ಮಾಸ್ಕನ್ನು ಗದ್ದಕ್ಕಿಳಿಸಿ ಮನಸಾರೆ ಕಿರುಚಿದ. ಹಿಂದಿದ್ದವನೊಬ್ಬ ಗುರುತು ದಾಟಿ ಬಂದು ಅವನ ಹೆಗಲ ಮೇಲೇ ಕೆಮ್ಮಿದ. ಗಾಜಿನ ಹಿಂದೆ ಎಡ್ಗಾರ್ಡೊ ತನ್ನ ರಕ್ತ ಬಳಿದ ಬೆರಳಿನಿಂದ ಮೂಗು ತೋರಿಸುತ್ತ ಮುಚ್ಚಿಕೋ, ಮುಚ್ಚಿಕೋ ಎಂದು ಸನ್ನೆ ಮಾಡುತ್ತಿದ್ದ. ಜನ ಅದನ್ನೂ ಆಟವೆಂದೇ ತಿಳಿದರು.

ಮನೆಗೆ ಬಂದಾಗ ದೋನ್ಯಾ ಪ್ರೊವಿ ಬಾಗಿಲಲ್ಲೇ ತೋಳು ಚಾಚಿ ನಿಂತಿದ್ದರು. "ಆಶೀರ್ವಾದ, ಅಜ್ಜಿ" ಎನ್ನುತ್ತ ಯಾರೆಲಿಸ್ ಓಡಿದಳು. ಮರಿಬೆಲ್ ಅವಳ ಅಂಗಿಯ ಕಾಲರ್ ಹಿಡಿದು ಎಳೆದಳು.

"ಒಂದು ಮುತ್ತಿಗೆ ಏನಾಗತ್ತೆ?" ವಿಲ್ಫ್ರೆಡೊ ಸಿಡುಕಿದ.

"ನಾನೇನು ಮುಟ್ಟಬಾರದವಳಾ ಈಗ?" ಅಜ್ಜಿ ಚಾಚಿದ ತೋಳನ್ನು ಕೆಳಗಿಳಿಸಿದರು.

"ಮುಟ್ಟಬಾರದವ್ರು ನಾವು, ದೋನ್ಯಾ ಪ್ರೊವಿ. ನೀವು ಒಳಗೆ ಹೋಗಿ, ನಿಮ್ಮ ಕಾಲಿಗೆ ಬೀಳ್ತೀನಿ," ಎನ್ನುತ್ತ ಮರಿಬೆಲ್ ಅತ್ತುಬಿಟ್ಟಳು.

ಅತ್ತೆ ಕೋಣೆಯ ಬಾಗಿಲನ್ನು ದಡಾರನೆ ಹಾಕಿಕೊಂಡರು. ಸೊಸೆಯ ಜೊತೆ ಮಾತು ಬಿಟ್ಟರು. ಬಾಗಿಲಲ್ಲಿಟ್ಟ ಊಟ ಎರಡು ಹೊತ್ತು ಹಾಗೇ ಆರಿತು. ತಾನು ಮಾಡಿದ್ದು ತಪ್ಪೇನೋ ಎಂದು ಮರಿಬೆಲ್‌ಗೂ ಅನಿಸತೊಡಗಿತು.

ವಾರ ತುಂಬುವ ಮೊದಲೇ ಒಂದು ಬೆಳಿಗ್ಗೆ ಒಲೆಯ ಮೇಲೆ ಬೆಳ್ಳುಳ್ಳಿ ಸೀದು ಕರಿಯಾಯಿತು. ಪಕ್ಕದಲ್ಲೇ ನಿಂತಿದ್ದ ವಿಲ್ಫ್ರೆಡೊಗೆ ಗೊತ್ತೇ ಆಗಲಿಲ್ಲ. "ವಾಸನೆ ಬರ್ತಿಲ್ಲ, ಮರಿ," ಎಂದ. ಅವನ ಮುಖ ಬಿಳಿಚಿಕೊಂಡಿತ್ತು. ಪರೀಕ್ಷೆಯಲ್ಲಿ ಕೊರೋನಾ ಎಂದೇ ಬಂತು. ಅವನು ಹಿಂದಿನ ಕೋಣೆ ಸೇರಿದ. ಉಳಿದ ಮೂವರಿಗೂ ಪರೀಕ್ಷೆಯಾಯಿತು. ಫಲಿತಾಂಶ ಬರುವವರೆಗೆ ಮರಿಬೆಲ್ ಅತ್ತೆಯ ಬಾಗಿಲಿಗೆ ಕಿವಿಯಿಟ್ಟು ಅವರ ಉಸಿರಾಟ ಕೇಳುತ್ತ ಕೂತಳು.

ದೋನ್ಯಾ ಪ್ರೊವಿಗೆ ತಗುಲಿರಲಿಲ್ಲ. ಮಗುವಿಗೂ ಇಲ್ಲ, ಮರಿಬೆಲ್‌ಗೂ ಇಲ್ಲ.

ಅಂದು ಸಂಜೆ ಹಿಂದಿನ ಕೋಣೆಯಿಂದ ಕೆಮ್ಮಿನ ನಡುವೆ ದನಿ ಬಂತು: "ಆಶೀರ್ವಾದ, ಮಮಿ. ಅವತ್ತು ಮರಿಬೆಲ್ ತಡೀದೇ ಇದ್ದಿದ್ರೆ ನಾನೇ ನಿನ್ನ ಕೊಂದಿರ್ತಿದ್ದೆ."

ಮಾಸ್ಕ್ ಹಾಕಿಕೊಂಡು ದೋನ್ಯಾ ಪ್ರೊವಿ ತಮ್ಮ ಕೋಣೆಯ ಹೊಸ್ತಿಲಿಗೆ ಬಂದರು. "ದೇವರು ನಿಂಗೆ ಒಳ್ಳೇದು ಮಾಡ್ಲಿ, ಕತ್ತೆ," ಎಂದರು. ಆಮೇಲೆ ದೂರದಲ್ಲಿ ನಿಂತಿದ್ದ ಸೊಸೆಯ ಕಡೆ ತಿರುಗಿದರು. "ನಿಂಗೂ, ಮಗಳೇ. ನೀನು ಕೇಳ್ದೇ ಇದ್ರೂ."

ಓದುಗರೇ, ನಿಮ್ಮ ಮನೆಯಲ್ಲೂ ಒಬ್ಬ ಅಜ್ಜಿ ಇರಬಹುದು, ಉಸಿರಾಟದ ತೊಂದರೆಯ ಅಣ್ಣ ಇರಬಹುದು. ಜಾತ್ರೆಗೋ ಮದುವೆಗೋ ಹೋಗುವಾಗ ಮೂಗು ಬಾಯಿ ಮುಚ್ಚಿ, ಅಂತರ ಬಿಡಿ. ಬಂದ ಮೇಲೆ ಅವರಿಂದ ಕೆಲವು ದಿನ ದೂರವಿರಿ. ವಾಸನೆ ಹೋದರೆ, ಜ್ವರ ಬಂದರೆ, ಮುಚ್ಚಿಡದೆ ಪರೀಕ್ಷೆ ಮಾಡಿಸಿ. ಅವರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಮುನಿಸಿಕೊಳ್ಳಲಿಕ್ಕಾದರೂ ಅವರು ಇರಬೇಕಲ್ಲ.