ಕುಡುಕರ ಸಭೆಗೆ ದಾರಿ

ಪೆಟ್ಟಿಗೆಗೆ ಮುಚ್ಚಳ ಬೀಳುವ ಮುಂಚೆ ಅಮೊದಿಂಗ್ ಬಗ್ಗಿ ಗಂಡನ ಬಾಯಿಗೆ ಮೂಗು ಒಡ್ಡಿ ಮೂಸಿದಳು.

"ಏನಮ್ಮಾ ಇದು? ಬದುಕಿದ್ದಾಗ ಮೂಸಿದ್ದು ಸಾಲ್ದಾ?" ಎಂದ ಭಾವ ಒಕಿರಿಯ. ಗದರಿಸಿದ್ದಲ್ಲ, ತಮ್ಮನಿಗಾಗಿ ಅತ್ತು ಅವನ ಕಣ್ಣು ಕೆಂಪಾಗಿದ್ದವು.

ಔಷಧಿಯ ಘಾಟು ಬಿಟ್ಟರೆ ಏನೂ ಸಿಗಲಿಲ್ಲ. ಮೂರು ದಿನದ ಹೆಣದಲ್ಲಿ ಇನ್ನೇನು ಸಿಗಬೇಕು! ಗುರುವಾರ ಸಂಜೆ ಎಬಿತು ಸೈಕಲ್ ಸಮೇತ ರಸ್ತೆ ಪಕ್ಕದ ಗುಂಡಿಗೆ ಬಿದ್ದು ಸತ್ತಿದ್ದ. ಎದೆ ನಿಂತಿದೆ ಎಂದರು ಡಾಕ್ಟರು. ಊರು ಡಾಕ್ಟರ ಮಾತು ಕೇಳುತ್ತದೆಯೇ? ಒಂಬತ್ತು ವರ್ಷ ಕುಡಿತ ಬಿಟ್ಟಿದ್ದವನು ಮತ್ತೆ ಹಚ್ಚಿಕೊಂಡ, ಅದಕ್ಕೇ ಬಿದ್ದ ಎಂದು ತೀರ್ಮಾನಿಸಿತು.

ಊರು ಹಾಳಾಗಿ ಹೋಗಲಿ. ಅಮೊದಿಂಗಳ ಹೊಟ್ಟೆಯೊಳಗಿನ ಬೆಂಕಿಯೇ ಬೇರೆ. ಆ ಮಧ್ಯಾಹ್ನ ಮುದ್ದೆ ಬಡಿಸುತ್ತ ಅವಳು ಅಂದುಬಿಟ್ಟಿದ್ದಳು: "ಕುಡೀತಿದ್ದಾಗ್ಲೇ ನೀನು ವಾಸಿ. ಆಗ ನಗ್ತಾದ್ರೂ ಇದ್ದೆ. ಈಗ ಮಾತಿಲ್ಲ ಕತೆಯಿಲ್ಲ, ಕಂಬದ ಜೊತೆ ಸಂಸಾರ ಮಾಡ್ದಂಗೆ." ಎಬಿತು ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಸೈಕಲ್ ಹತ್ತಿದ್ದ. ಆ ಮಾತೇ ಅವನನ್ನು ಮತ್ತೆ ಹೆಂಡದ ಗಡಿಗೆಯ ಹತ್ತಿರ ಕಳಿಸಿತೇ?

"ನನ್ ತಮ್ಮ ಕೊನೆಗಾದ್ರೂ ನಮ್ ಕುಡಿಯೋರ ಕಡೆ ಬಂದ ಅಂತ ಮಣ್ಣು ಮಾಡೋ ಮುಂಚೆ ನಾಲ್ಕ್ ಮಾತು ಹೇಳ್ತೀನಿ," ಎಂದ ಒಕಿರಿಯ. "ಅದ್ರಲ್ಲೇನು ನಾಚಿಕೆ?"

"ನಿಮ್ ಗಡಿಗೆಗೆ ಬಂದಿದ್ನಾ ಭಾವ ಅವ್ನು?"

"ಕುಮಿ ಪೇಟೇಲಿ ನಮ್ದೊಂದೇ ಗಡಿಗೆಯಾ ಇರೋದು?"

ಅಮೊದಿಂಗ್ ಹೋಗಿ ಚಾಪೆಯ ಮೇಲೆ ಕೂತಳು.

*

ಒಂಬತ್ತು ವರ್ಷದ ಹಿಂದೆ ಆಸ್ಪತ್ರೆಯ ನರ್ಸಮ್ಮ ಹೇಳಿದ್ದಳು, ಕುಮಿಯಲ್ಲಿ ಗುರುವಾರ ಗುರುವಾರ ಕುಡುಕರ ಸಭೆ ಸೇರುತ್ತದೆ, ನಿಮ್ಮವರನ್ನು ಕಳಿಸಿ ಎಂದು. ಅಮೊದಿಂಗ್ ಕಳಿಸಿದಳು. ಆ ಪುಣ್ಯಾತ್ಮ ದಾರಿ ಕೇಳಿದ್ದು ಯಾರನ್ನು? ಅಣ್ಣನನ್ನು!

"ಕುಡುಕರ ಸಭೇನಾ? ನಮ್ದೇ ಕಣೋ! ಗುರುವಾರವೇ!"

ಒಕಿರಿಯ ಹೇಳಿದ್ದು ಸುಳ್ಳಲ್ಲ. ಸಂತೆಯ ಹಿಂದೆ ಹದಿನೈದು ಜನ ರಾಗಿ ಹೆಂಡದ ಗಡಿಗೆಯ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಉದ್ದದ ಕೊಳವೆ ಇಳಿಬಿಟ್ಟು ಹೀರುತ್ತಿದ್ದರು. ಅಧ್ಯಕ್ಷ ಒಕಿರಿಯ. ಕಾರ್ಯದರ್ಶಿ ಒಮಾಸೆ ಹೊಸಬನ ಹೆಸರು ಬರೆದುಕೊಂಡ. ಮಾತಾಡುವವರು ಎದ್ದು ನಿಲ್ಲಬೇಕು, ನಡುವೆ ಬಾಯಿ ಹಾಕಕೂಡದು. ಮೂರು ಗುರುವಾರ ಎಬಿತು ತೂರಾಡುತ್ತ ಮನೆಗೆ ಬಂದ.

"ಎಂಥಾ ಶಿಸ್ತು ಕಣೆ! ಆ ನರ್ಸಮ್ಮ ದೇವ್ರಂಥೋಳು!"

ನಾಲ್ಕನೇ ವಾರ ಅಮೊದಿಂಗ್ ಅವನ ರಟ್ಟೆ ಹಿಡಿದು ತಾನೇ ನಡೆಸಿಕೊಂಡು ಹೋದಳು. ಕೇಳಿ ಕೇಳಿ ಸಿಕ್ಕಿದ್ದು ಚರ್ಚಿನ ಹಿಂದಿನ ಶಾಲೆಯ ಕೋಣೆ. ಆರು ಜನ, ಒಂದು ಕೆಟಲ್ ಟೀ, ಎಲುಂಗಟ್ ಮೇಷ್ಟ್ರು. ಮೇಷ್ಟ್ರು ಬುದ್ಧಿ ಹೇಳಲು ಕೂತಿದ್ದಾರೆ ಎಂದುಕೊಂಡು ಅವಳು ಮಾವಿನ ಮರದಡಿ ಎರಡು ಗಂಟೆ ಕಾದಳು. "ಅಲ್ಲಿ ಎಲ್ರೂ ನನ್ ಕತೇನೇ ಹೇಳ್ತಾರಲ್ಲೇ," ಎಂದು ಹೊರಬಂದ ಎಬಿತು ಅತ್ತುಬಿಟ್ಟ. ಆಮೇಲೆ ಒಳಗಿನ ಒಂದು ಮಾತನ್ನೂ ಅವನು ಹೊರಗೆ ಆಡಲಿಲ್ಲ.

*

ಮಣ್ಣಿಗೆ ಮೇಷ್ಟ್ರು ಬಂದದ್ದೇ ತಡ, ಅಮೊದಿಂಗ್ ಚಾಪೆಯಿಂದೆದ್ದು ಅಡ್ಡ ನಿಂತಳು.

"ಗುರುವಾರ ಸಭೆಗೆ ಬಂದಿದ್ರಾ ನಮ್ಮೋರು?"

ಮೇಷ್ಟ್ರು ನೆಲ ನೋಡಿದರು. "ಅಲ್ಲಿ ಯಾರು ಬಂದ್ರು, ಏನಂದ್ರು ಅಂತ ಹೇಳೋ ಹಾಗಿಲ್ಲಮ್ಮ."

"ಸತ್ತೋರದ್ದೂ?"

"ಸತ್ತೋರದ್ದೂ."

ನಿಮ್ಮ ನಿಯಮಕ್ಕೆ ಬೆಂಕಿ ಬೀಳ ಎಂದು ಶಪಿಸುತ್ತ ಅವಳು ಹೋಗಿ ಕೂತಳು.

ಪ್ರಾರ್ಥನೆ ಮುಗಿದು, ಬಂದಿರುವ ಸಂಘದವರು ಒಬ್ಬೊಬ್ಬರಾಗಿ ಎದ್ದು ಮಾತಾಡಬಹುದು ಎಂದರು ಪಾದ್ರಿಗಳು. ಒಕಿರಿಯ ಎದ್ದು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಮೇಷ್ಟ್ರು ಮುಂದೆ ಬಂದರು.

"ನನ್ ಹೆಸ್ರು ಎಲುಂಗಟ್. ನಾನೊಬ್ಬ ಕುಡುಕ."

ಅರ್ಧ ಊರಿಗೆ ಅಕ್ಷರ ಕಲಿಸಿದವರು! ಹೆಂಗಸರ ನಡುವೆ ಯಾರೋ ಕಿಸಕ್ಕನೆ ನಕ್ಕರು.

"ಸಭೆ ವಿಷ್ಯ ಹೇಳೋ ಹಾಗಿಲ್ಲ. ನಮ್ಮನೆ ವಿಷ್ಯ ಹೇಳ್ಬೋದು. ಹನ್ನೆರಡು ವರ್ಷ ಆಯ್ತು ನಾನು ಬಿಟ್ಟು. ಮೊನ್ನೆ ಗುರುವಾರ ಕುಡೀಲೇಬೇಕು ಅನ್ನಿಸ್ಬಿಡ್ತು. ಎಬಿತು ನನ್ನನ್ನ ತನ್ನ ಸೈಕಲ್ ಹಿಂದೆ ಕೂರಿಸ್ಕೊಂಡು ಮನೆಗೆ ತಂದ. ಆಸೆ ಇಳಿಯೋವರೆಗೂ ಕೈ ಬಿಡ್ಲಿಲ್ಲ. ಇಬ್ರೂ ಕುಡ್ದಿದ್ದು ಟೀ. ಹೊರಡುವಾಗ ಒಂದೇ ಅವಸರ. 'ನಗೋದೇ ಮರ್ತಿದೀನಂತೆ ಮೇಷ್ಟ್ರೇ, ಹೋಗಿ ಅವಳನ್ನ ನಗಿಸ್ಬೇಕು' ಅಂದ. ಅಲ್ಲಿಂದ ಆ ಗುಂಡಿಗೆ ಅರ್ಧ ಮೈಲಿ. ದಾರೀಲಿ ಒಂದು ಗಡಿಗೇನೂ ಇಲ್ಲ."

ಮೂರು ದಿನದಿಂದ ಒಣಗಿ ಕೂತಿದ್ದ ಅಮೊದಿಂಗ್ ಬಾಯಿಬಿಟ್ಟು ಗೋಳೋ ಎಂದು ಅತ್ತಳು. ಅಯ್ಯೋ ನನ್ನ ರಾಜ, ನಿಧಾನಕ್ಕೆ ಬರಬಾರದಿತ್ತೇ!

ಒಕಿರಿಯ ನಿಂತೇ ಇದ್ದ. ಆಗ ಅವನ ಪಕ್ಕದ ಬೆಂಚಿನಿಂದ ಗಡಿಗೆ ಸಭೆಯ ಕಾರ್ಯದರ್ಶಿ ಒಮಾಸೆ ಎದ್ದ. ಇಡೀ ಊರು ನೋಡುತ್ತಿದ್ದಂತೆ ಅಂಗಳ ದಾಟಿ, ಕುರ್ಚಿ ಸಿಗದೆ, ಮಾತು ಮುಗಿಸಿ ಕೂತಿದ್ದ ಮೇಷ್ಟ್ರ ಪಕ್ಕ ಮಣ್ಣಿನ ಮೇಲೇ ಕೂತ. ಎದ್ದ ಗಡಿಬಿಡಿಯಲ್ಲಿ ಅವನದೊಂದು ರಬ್ಬರ್ ಚಪ್ಪಲಿ ಬೆಂಚಿನ ಕೆಳಗೇ ಉಳಿದಿತ್ತು. ಒಕಿರಿಯ ಅದನ್ನು ಎತ್ತಿಕೊಂಡು ಬಂದು ಅವನ ಕಾಲ ಬಳಿ ಇಟ್ಟ; ಇಟ್ಟವನು ವಾಪಸು ಹೋಗದೆ ಅಲ್ಲೇ ನಿಂತ.