ಪೂಜೆಗಿಟ್ಟ ಹಳೇ ಸರ್ವರ್

ಗುರುವಾರಕ್ಕೆ ನಾಲ್ಕು ದಿನವಾಯಿತು. ಚೆನ್ನೈ ನುಂಗಂಬಾಕ್ಕಂನ ಆ ಆಫೀಸಿನಲ್ಲಿ ಇಂಟರ್ನೆಟ್ ಪೂರ್ತಿ ಸತ್ತಿರಲಿಲ್ಲ, ಸತ್ತಿದ್ದರೆ ಎಷ್ಟೋ ವಾಸಿಯಿತ್ತು. ಯಾವ ಪುಟ ಒತ್ತಿದರೂ ಅದು ನಾಲ್ಕೈದು ಸೆಕೆಂಡು ಸುಮ್ಮನೆ ಕೂತು, ಆಮೇಲೆ ಮನಸ್ಸು ಬಂದರೆ ತೆರೆದುಕೊಳ್ಳುತ್ತಿತ್ತು. ವೀಸಾಕ್ಕೆ ಬೇಕಾದ ಜನನಪತ್ರ, ಮದುವೆಪತ್ರಗಳನ್ನು ಭಾಷಾಂತರಿಸಿ ಕೊಡುವ ಜಾಗ ಅದು. ಕಾನ್ಸುಲೇಟಿನಲ್ಲಿ ಭೇಟಿಯ ಸಮಯವನ್ನೂ ಅಲ್ಲಿಂದಲೇ ಗೊತ್ತುಮಾಡಿ ಕೊಡುತ್ತಿದ್ದರು. ಈಗ ಪುಟ ತೆರೆಯುವಷ್ಟರಲ್ಲಿ ಆ ಸಮಯ ಇನ್ಯಾರದ್ದೋ ಪಾಲಾಗುತ್ತಿತ್ತು.

ಹನ್ನೊಂದು ಕಂಪ್ಯೂಟರು, ಅವನ್ನೆಲ್ಲ ಆಳುವ ಒಂದು ಸರ್ವರ್, ಇಷ್ಟನ್ನೂ ನೋಡಿಕೊಳ್ಳುವವನು ವಿಶ್ವನಾಥ ಒಬ್ಬನೇ. ತುಮಕೂರಿನಿಂದ ಬಂದು ಹದಿನೆಂಟು ವರ್ಷ. ಐವತ್ತೆರಡನೇ ವಯಸ್ಸಿನಲ್ಲಿ ಮೇಜಿನಡಿ ತೆವಳಿ ತೆವಳಿ ಸೊಂಟ ಹಿಡಿದುಕೊಂಡಿತ್ತು. ಕೇಬಲ್ ಬದಲಾಯಿಸಿದ. ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್ ಪೆಟ್ಟಿಗೆಯನ್ನೂ ಬದಲಾಯಿಸಿದ. ಇಂಟರ್ನೆಟ್ ಲೈನಿನವರಿಗೆ ಆರು ಸಲ ಫೋನ್ ಮಾಡಿ, ಆರು ಸಲವೂ "ಆಫ್ ಮಾಡಿ ಆನ್ ಮಾಡಿ" ಅನ್ನಿಸಿಕೊಂಡ. ಉಸ್ಸಪ್ಪಾ, ಆ ಒಂದು ಮಾತಿಗೆ ಇಪ್ಪತ್ತು ನಿಮಿಷ ಅವರ ಸಂಗೀತ ಕೇಳಬೇಕು!

ಇಷ್ಟೇ ಆಗಿದ್ದರೆ ಹಾಳಾಗಲಿ ಅನ್ನಬಹುದಿತ್ತು. ಆದರೆ ಸೋಮವಾರ, ಆಯುಧಪೂಜೆಯ ರಜೆ ಮುಗಿಸಿ ಬಂದ ಮೊದಲ ದಿನ, ತಲೆ ಚಿಟ್ಟು ಹಿಡಿದು ಅವನೊಂದು ಮಾತು ಆಡಿಬಿಟ್ಟಿದ್ದ: "ಪೂಜೆಗೆ ಕ್ಲೀನ್ ಮಾಡೋವಾಗ ಕೌಸಲ್ಯಾ ಏನೋ ಎಳೆದಿರ್ಬೇಕು." ಕೌಸಲ್ಯಾ ಆಫೀಸು ಗುಡಿಸಿ, ಒರೆಸಿ, ಎಲ್ಲರಿಗೂ ಟೀ ಕೊಡುವ ಹೆಂಗಸು. ಹೊಸೂರು ಕಡೆಯವಳು, ಎಂಟು ವರ್ಷದಿಂದ ಇದ್ದಾಳೆ. ಇವನು ಬಾಯಿಗೆ ಬಂದದ್ದು ಅಂದನಷ್ಟೇ, ಮಾತು ಮಾತ್ರ ಮ್ಯಾನೇಜರ್ ವಾಸಂತಿ ಮೇಡಂ ಕಿವಿಗೆ ಬಿತ್ತು. ಮೈಸೂರಿನ ವಾಸಂತಿ ಮೇಡಂ ಒಂದು ಸಲ ತೀರ್ಮಾನಿಸಿದರೆ ಮುಗಿಯಿತು. ಮಂಗಳವಾರ ಅವರು ಬಂದು, "ಪೂಜೆ ದಿನ ಅವಳಿಗೆ ನೀವೇನಾದ್ರೂ ಹೇಳಿದ್ರಾ?" ಎಂದು ಕೇಳಿದಾಗ ವಿಶ್ವನಾಥನ ತಲೆ ಮೇಜಿನಡಿ ಇತ್ತು. "ಇಲ್ಲ ಮೇಡಂ" ಅಂದು ಸ್ಕ್ರೂ ತಿರುಗಿಸತೊಡಗಿದ.

ಬುಧವಾರ ತೀರ್ಪು ಬಂತು. ಶನಿವಾರದಿಂದ ಕೌಸಲ್ಯಾ ಬರುವುದು ಬೇಡ. ಅವಳನ್ನು ಕಳಿಸಿದ್ದ ಏಜೆನ್ಸಿಯವರು ಪೆರುಂಗುಡಿಯಲ್ಲಿ ಬೇರೆ ಕಡೆ ಹಾಕುತ್ತಾರಂತೆ. ಎರಡು ಬಸ್ಸು ಬದಲಾಯಿಸಬೇಕು, ನಾಲ್ಕು ಮಹಡಿ ಗುಡಿಸಬೇಕು. ಅವಳ ಮಂಡಿಗೆ ಈ ಆಫೀಸಿನ ಮೂರು ಮೆಟ್ಟಿಲೇ ಜಾಸ್ತಿ.

"ನಾನು ವೈರು ಒಂದೂ ಮುಟ್ಟಲಿಲ್ಲ ಸಾರ್, ಸತ್ಯಮಾ ಹೇಳ್ತೀನಿ," ಅಂದಳು ಗುರುವಾರ ಬೆಳಗ್ಗೆ ಟೀ ಇಡುತ್ತಾ.

"ನೋಡ್ತಾ ಇದೀನಲ್ಲಮ್ಮ," ಅಂದ. ಅವಳ ಮುಖ ನೋಡಲಾಗಲಿಲ್ಲ.

ಟೀ ಕುಡಿದು, ಈ ಸಲ ತನ್ನ ಲ್ಯಾಪ್‌ಟಾಪನ್ನು ನೇರವಾಗಿ ಹೊರಗಿನ ಲೈನಿಗೇ ಚುಚ್ಚಿದ. ಪುಟಗಳು ಪಟಪಟನೆ ತೆರೆದವು. ಆಫೀಸಿನ ನೆಟ್‌ವರ್ಕಿಗೆ ಚುಚ್ಚಿದ, ಮತ್ತೆ ಅದೇ ಕುಂಟು. ಆಫೀಸಿನೊಳಗಿನ ಫೈಲುಗಳಿಗೆ ಮಾತ್ರ ಏನೂ ತೊಂದರೆಯಿರಲಿಲ್ಲ. ಇನ್ನೊಂದು ವಿಚಿತ್ರವೆಂದರೆ, ಒಮ್ಮೆ ತೆರೆದ ಪುಟವನ್ನು ಕೂಡಲೇ ಮತ್ತೆ ತೆರೆದರೆ ತಡವೇ ಇಲ್ಲ. ಅಂದರೆ ದಾರಿ ಸರಿಯಿದೆ, ವಿಳಾಸ ಕೇಳುವುದರಲ್ಲೇ ಹೊತ್ತು ಹೋಗುತ್ತಿದೆ. ಹೊರಗಿನ ಯಾವ ಹೆಸರು ಹೊಡೆದರೂ ಕಂಪ್ಯೂಟರುಗಳು ಅದರ ವಿಳಾಸವನ್ನು ಸರ್ವರನ್ನು ಕೇಳುತ್ತವೆ. ತನಗೆ ಗೊತ್ತಿಲ್ಲದಿದ್ದರೆ ಸರ್ವರ್ ಇನ್ನೊಬ್ಬರನ್ನು ಕೇಳುತ್ತದೆ. ಹಾಗಾದರೆ ಇದು ಯಾರನ್ನು ಕೇಳುತ್ತಿದೆ?

ಸರ್ವರ್ ಯಾರನ್ನು ಕೇಳಬೇಕೆಂಬ ಪಟ್ಟಿ ತೆರೆದ. ಎರಡೇ ಸಾಲು. ಎರಡನೆಯದು ಲೈನಿನವರದ್ದು. ಮೊದಲನೆಯದನ್ನು ಎರಡು ಸಲ ಓದಿದ. ಅದು ಹಳೇ ಸರ್ವರ್. ನಾಲ್ಕು ವರ್ಷದ ಹಿಂದೆ ಹೊಸದು ತಂದಾಗ, ಆಮೇಲೆ ತೆಗೆದರಾಯಿತು ಎಂದು ಅವನೇ ಬಿಟ್ಟಿದ್ದ ಸಾಲು. ಪಾಪ, ಹಳೆಯದು ಅಷ್ಟು ವರ್ಷವೂ ಮೂಲೆಯಲ್ಲಿ ಗುಂಯ್‌ಗುಡುತ್ತಾ ಉತ್ತರ ಕೊಡುತ್ತಲೇ ಇತ್ತು. ಈಗ ಮೈಮೇಲೆ ಗಂಧ ಕುಂಕುಮ, ಬಾಡಿದ ಚೆಂಡುಹೂವಿನ ಹಾರ, ಪಕ್ಕದಲ್ಲಿ ಅಂದವಾಗಿ ಸುತ್ತಿಟ್ಟ ಅದರ ವೈರು. ಹೊಸ ಸರ್ವರ್ ಪ್ರತಿ ಸಲವೂ ಮೊದಲು ಅದನ್ನೇ ಕೇಳಿ, ಅದು ಬಾಯಿಬಿಡದಿದ್ದಾಗ ಕಾದು ಕಾದು ಎರಡನೆಯವರನ್ನು ಕೇಳುತ್ತಿತ್ತು.

ವೈರು ಕಿತ್ತವರು ಯಾರು? ಈಗ ನೆನಪಾಯಿತು. ಪೂಜೆಗೆ ಹಳೆಯದನ್ನೇ ನಡುವೆ ಇಡೋಣ, ದೊಡ್ಡದಾಗಿ ಕಾಣುತ್ತೆ ಎಂದು ಅವನೇ ಪ್ಲಗ್ ಕಿತ್ತಿದ್ದ. ಪೂಜೆ ಮುಗಿದ ಮೇಲೆ ಕೌಸಲ್ಯಾ ವೈರು ಹಿಡಿದು ಬಂದು, "ಇದನ್ನ ತಿರುಗಿ ಹಾಕ್ಲಾ ಸಾರ್?" ಎಂದು ಕೇಳಿದ್ದಳು. ಬಾಯಿತುಂಬ ಕಡಲೆ ಉಸಲಿ ಇಟ್ಟುಕೊಂಡು ಇವನು, "ಬೇಡಮ್ಮ, ಅದು ರಿಟೈರ್ ಆಗಿದೆ, ಪೂಜೆಗಷ್ಟೇ" ಅಂದಿದ್ದ.

ಅಯ್ಯೋ ದೇವರೇ! ತಾನು ಮಾಡಿದ್ದಕ್ಕೆ ಅವಳ ಮೇಲೆ ಗೂಬೆ ಕೂರಿಸಿದ್ದ.

ಆ ಸಾಲು ಅಳಿಸಲು ಅರ್ಧ ನಿಮಿಷ ಸಾಕಾಯಿತು. "ವಂದುರುಚ್ಚು, ವಂದುರುಚ್ಚು!" ಎಂದು ಹೊರಗೆ ಕಂಪ್ಯೂಟರುಗಳ ಮುಂದಿದ್ದ ಹುಡುಗಿಯರು, ನೆಟ್ ಬಂತೆಂದು ತಮಿಳಿನಲ್ಲಿ ಕೂಗಿದರು. ವಾಸಂತಿ ಮೇಡಂ ಬಾಗಿಲಲ್ಲಿ ಬಂದು ನಿಂತರು.

"ವೈರ್ ತಾನೆ? ನಾನು ಹೇಳ್ಲಿಲ್ವಾ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅವನಿಗೋ ಸುಸ್ತು, ಮನೆಗೆ ಹೋಗಿ ಬಿದ್ದುಕೊಂಡರೆ ಸಾಕಿತ್ತು.

"ಅಲ್ಲ ಮೇಡಂ. ಸರ್ವರಲ್ಲಿ ಒಂದು ಹಳೇ ಸೆಟ್ಟಿಂಗ್ ಉಳಿದುಹೋಗಿತ್ತು. ಕೌಸಲ್ಯಾದೇನೂ ತಪ್ಪಿಲ್ಲ." ಉಳಿಸಿದ್ದು ಯಾರು, ಪ್ಲಗ್ ಕಿತ್ತಿದ್ದು ಯಾರು ಅನ್ನುವುದನ್ನು ನುಂಗಿಕೊಂಡ.

"ಹಾಗಾ? ಸರಿ, ಏಜೆನ್ಸಿಗೆ ಹೇಳ್ತೀನಿ, ಅವಳೇ ಇರ್ಲಿ ಬಿಡಿ," ಎಂದು ಮೇಡಂ ಹೊರಟುಹೋದರು.

ಅಬ್ಬ, ಅರ್ಧ ನಿಜ ಹೇಳಿ ಪಾರಾದೆ ಎಂದುಕೊಂಡ ಪುಣ್ಯಾತ್ಮ. ಕೌಸಲ್ಯಾಳನ್ನು ಕರೆದು, "ನೀನು ಎಲ್ಲೂ ಹೋಗ್ಬೇಕಾಗಿಲ್ಲಮ್ಮ, ಎಲ್ಲ ಸರಿಹೋಯ್ತು. ಆ ಹಳೇದನ್ನ ತೆಗೆದು ಸ್ಟೋರ್ ರೂಮಿಗೆ ಹಾಕ್ಬಿಡು," ಅಂದ.

ಕೌಸಲ್ಯಾ ಅಲ್ಲಾಡಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ನಿಂತಳು.

"ವೈರು ಬೇಡ ಅಂದಿದ್ದು ನೀವೇ ಅಂತ ಮಂಗಳವಾರವೇ ಮೇಡಂಗೆ ಹೇಳ್ದೆ ಸಾರ್. ನಿಮ್ಮನ್ನ ಕೇಳಿದ್ರಂತೆ. ನೀವು ಇಲ್ಲ ಅಂದ್ರಂತೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು.

"ತೆಗೀತೀನಿ ಸಾರ್, ತೆಗೆಯಲ್ಲ ಅನ್ನಲ್ಲ. ಆದ್ರೆ ಮೇಡಂ ಮುಂದೆ ಬಂದು ಹೇಳಿ. ಆಮೇಲೆ ಮುಟ್ತೀನಿ."

ಅವನು ಸೊಂಟ ಹಿಡಿದುಕೊಂಡು ಎದ್ದ. ಮೇಡಂ ಕೋಣೆಗೆ ಹತ್ತು ಹೆಜ್ಜೆಯೂ ಇರಲಿಲ್ಲ. ಕೌಸಲ್ಯಾ ಮಂಡಿ ಎಳೆದುಕೊಂಡು ಹಿಂದೆಯೇ ಬಂದಳು. ಅವಳು ಬಂದು ಪಕ್ಕದಲ್ಲಿ ನಿಲ್ಲುವವರೆಗೂ ಕಾದು, ಬಾಗಿಲು ತಟ್ಟಿದ.

"ಮೇಡಂ, ಪೂಜೆ ದಿನ ಇವಳಿಗೆ ಹೇಳಿದ್ದು ನಾನೇ," ಅಂದ.