ಕಿಟಕಿಯ ಹಾಗಲಕಾಯಿ

"ಕಾಂಚನಕ್ಕ, ಈ ಸಲ ಬೆಳೆ ಹಬ್ಬಕ್ಕೆ ನೀವು ಏನೂ ತರುವುದು ಬೇಡ," ಎಂದು ಚರ್ಚಿನ ಸಭೆಯ ಹಿರಿಯರಾದ ಅಮ್ಮನ್ನ ಫೋನಿನಲ್ಲಿ ಹೇಳಿದರು. "ಏಲಂ ಮುಗಿದ ಮೇಲೆ ನಿಮಗೇ ಒಂದು ಚೀಲ ಅಕ್ಕಿ ಕೊಡುವುದೆಂದು ಕಮಿಟಿಯಲ್ಲಿ ಮಾತಾಗಿದೆ. ಪಾಪ, ನಿಮ್ಮ ಕಷ್ಟ ನಮಗೆ ಗೊತ್ತಿಲ್ಲವಾ?"

ಕಾಂಚನಳಿಗೆ ರೇಗಿಹೋಯಿತು.

"ನನ್ನ ಮನೆಯಲ್ಲಿ ಬೆಳೆ ಇಲ್ಲ ಅಂತ ನಿಮಗೆ ಹೇಳಿದ್ದು ಯಾರು?" ಎಂದವಳೇ ಫೋನ್ ಇಟ್ಟುಬಿಟ್ಟಳು.

ಕಷ್ಟವೇನೋ ನಿಜ. ರಬಾಳೆಯ ಕಾರ್ಖಾನೆಯ ಕ್ಯಾಂಟೀನು ಮುಚ್ಚಿ ಅವಳ ಅಡುಗೆ ಕೆಲಸ ಹೋಗಿತ್ತು. ಅದಕ್ಕೂ ಮೊದಲೇ ಗಂಡ ಜಯಕರನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ದಿವಾ ಸ್ಟೇಷನ್ನಿನ ಹತ್ತಿರದ ಅವರ ಒಂದೇ ಕೋಣೆಯ ಮನೆಯಲ್ಲಿ ಅವನು ಕಿಟಕಿಯ ಪಕ್ಕ ಕುಳಿತೇ ಇರುತ್ತಿದ್ದ. ಗ್ರಿಲ್ಲಿಗೆ ಕಟ್ಟಿದ ಒಡಕು ಬಕೆಟ್ಟಿನಲ್ಲಿ ಒಂದು ಹಾಗಲ ಬಳ್ಳಿ. ಅದಕ್ಕೆ ಎಡಗೈಯಲ್ಲಿ ಲೋಟ ಹಿಡಿದು ನೀರು ಹಾಕುವುದೊಂದೇ ಅವನಿಂದಾಗುವ ಕೆಲಸ. ಅರ್ಧ ಲುಂಗಿಗೆ, ಅರ್ಧ ಬಳ್ಳಿಗೆ. ಕಾಗೆ ಕುಕ್ಕಿ, ಧೂಳು ಕೂತು, ಕೊನೆಗೆ ಉಳಿದದ್ದು ಒಂದೇ ಕಾಯಿ.

ಭಾನುವಾರ ಅದನ್ನು ಕರ್ಚೀಫಿನಲ್ಲಿ ಸುತ್ತಿ, ಲೋಕಲ್ ರೈಲಿನ ಲೇಡೀಸ್ ಡಬ್ಬಿಯ ನೂಕುನುಗ್ಗಲಿನಲ್ಲಿ ತಲೆಯ ಮೇಲೆ ಎತ್ತಿ ಹಿಡಿದುಕೊಂಡೇ ಕಾಂಚನ ಡೊಂಬಿವಲಿಗೆ ಹೋದಳು. ಅಲ್ಲಿ ಶಾಲೆಯೊಂದರ ಹಾಲಿನಲ್ಲಿ ಕನ್ನಡ ಸಭೆಯ ಆರಾಧನೆ. ಬೆಳೆ ಹಬ್ಬಕ್ಕೆ ಪ್ರತಿ ಮನೆಯವರೂ ತಮ್ಮ ದುಡಿಮೆಯ ಒಂದು ಪಾಲನ್ನು ದೇವರ ಮುಂದಿಟ್ಟು, ಕೃತಜ್ಞತೆಯ ಒಂದು ಮಾತು ಸ್ತೋತ್ರ ಹೇಳಬೇಕು. ಆಮೇಲೆ ಅದೆಲ್ಲ ಏಲಂ.

ಮೇಜಿನ ತುಂಬ ಕೇಕು, ಸೇಬು, ಎಳನೀರಿನ ಗೊನೆ. ಅದರ ನಡುವೆ ಕಾಂಚನ ಹಾಗಲಕಾಯಿ ಇಟ್ಟಳು. ಹಿಂದೆ ಯಾರೋ ಕಿಸಕ್ಕೆಂದರು. ಅವಳು ತಿರುಗಿಯೂ ನೋಡಲಿಲ್ಲ.

"ಕರ್ತನೇ, ಈ ವರ್ಷ ನೀನು ಮಾಡಿದ್ದು ನನಗೆ ಒಂಚೂರೂ ಹಿಡಿಸಲಿಲ್ಲ. ಅದನ್ನು ಮುಚ್ಚಿಟ್ಟು ಸ್ತೋತ್ರ ಹೇಳುವವಳು ನಾನಲ್ಲ. ಆದರೆ ಇವರನ್ನು ಉಳಿಸಿಕೊಟ್ಟಿದ್ದೀ. ಇವರು ಎಡಗೈಯಲ್ಲಿ ಬೆಳೆಸಿದ್ದು ಇದು. ಅದಕ್ಕೆ ಸ್ತೋತ್ರ. ಆಮೆನ್."

ಪಾದ್ರಿಯವರು ಕೆಮ್ಮಿದರು. ಯಾರೂ ನಗಲಿಲ್ಲ.

ಏಲಂ ಶುರುವಾಯಿತು. ಹಾಗಲಕಾಯಿಯ ಸರದಿ ಬಂದಾಗ ಅಮ್ಮನ್ನ ಎದ್ದು, "ಐನೂರು!" ಎಂದರು. ಎಲ್ಲರೂ ಕರುಣೆಯಿಂದ ಕಾಂಚನಳ ಕಡೆ ನೋಡಿದರು.

"ಯಾಕೆ, ಅದರೊಳಗೆ ಬಂಗಾರ ಉಂಟಾ?" ಕಾಂಚನ ಧಡಕ್ಕನೆ ಎದ್ದಳು. "ಹಾಗಲಕಾಯಿಗೆ ಹಾಗಲಕಾಯಿಯ ಕ್ರಯ ಹೇಳಿ. ಇಲ್ಲದಿದ್ದರೆ ನಾನೇ ವಾಪಸು ಕೊಂಡುಹೋಗ್ತೇನೆ."

ಅಮ್ಮನ್ನ ಕೂತುಬಿಟ್ಟರು.

"ಹತ್ತು ರೂಪಾಯಿ," ಎಂದಳು ಮುಂದಿನ ಬೆಂಚಿನ ಮುದುಕಿ ಅಕ್ಕು. "ನನಗೆ ಶುಗರ್ ಉಂಟು. ನಿಜಕ್ಕೂ ಬೇಕು."

"ಕೊಟ್ಟೆ!" ಎಂದಳು ಕಾಂಚನ, ಏಲಂ ಕೂಗುವವನಿಗಿಂತ ಮೊದಲೇ. ಹಾಲಿಗೆ ಹಾಲೇ ನಕ್ಕಿತು. ಅವಳೂ ನಕ್ಕಳು.

ಎಲ್ಲ ಮುಗಿದ ಮೇಲೆ ಅಮ್ಮನ್ನ ಅಕ್ಕಿಯ ಚೀಲ ತಂದು, ಹಾಯುವ ದನದ ಮುಂದೆ ಹುಲ್ಲು ಇಡುವವರ ಹಾಗೆ ದೂರದಲ್ಲೇ ಇಟ್ಟು ಸರಿದರು. ಕಾಂಚನ ಮುಖ ತಿರುಗಿಸಿದಳು.

ಅಕ್ಕು ಅವಳ ರಟ್ಟೆ ಹಿಡಿದಳು. "ವಾರ ವಾರ ಕೃಪೆ, ಕೃಪೆ ಅಂತ ಗಂಟಲು ಹರಿಯುವಷ್ಟು ಹಾಡ್ತಿ. ಕೈಗೆ ಕೊಟ್ಟರೆ ಬೇಡ ಅಂತಿ. ಎಂತ ಮಾರಾಯ್ತಿ, ದೇವರ ಹತ್ತಿರವೂ ಕ್ರಯ ಕೊಟ್ಟೇ ತಗೊಳ್ಳುವುದಾ ನೀನು?"

ಕಾಂಚನ ಚೀಲದ ಕಡೆ ತಿರುಗಿ, ಸೆರಗು ಸಿಕ್ಕಿಸಿ, ಅದನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು.

"ಅಮ್ಮನ್ನರೇ, ತಗೊಂಡಿದ್ದೇನೆ. ಉಪಕಾರ ಆಯಿತು. ಆದರೆ ಬರುವ ವರ್ಷ 'ಏನೂ ತರಬೇಡಿ' ಅಂತ ಫೋನ್ ಮಾಡಿದರೆ ಬಕೆಟ್ ಸಮೇತ ಬರ್ತೇನೆ."

ಮನೆಗೆ ಬಂದಾಗ ಜಯಕರ ಕಿಟಕಿಯ ಬಳಿ ಕಾಯುತ್ತಿದ್ದ.

"ಹೋ... ಹೋಯಿತಾ?"

"ಹೋಯಿತು. ಅಕ್ಕು ಕೊಂಡಳು. ಪಾಪ ಅಂತ ಅಲ್ಲ, ಶುಗರಿಗೆ ಅಂತ."

ಅವನ ಬಾಯಿಯ ಎಡಬದಿ ಅರಳಿತು. ಆ ಅಕ್ಕಿಯ ಗಂಜಿ ಬಟ್ಟಲಿಗೆ ಹಾಕಿ ಕಾಂಚನ ಕಣ್ಣು ಮುಚ್ಚಿದಳು. ಈ ಸಲ ದೇವರ ಹತ್ತಿರ ಜಗಳ ತೆಗೆಯಲಿಲ್ಲ. "ಕೊಟ್ಟಿದ್ದಕ್ಕೆ ಸ್ತೋತ್ರ," ಎಂದಳು, ಅಷ್ಟೆ.

ಜಯಕರ ಆಮೆನ್ ಎಂದ. ಅದು ಸ್ಪಷ್ಟವಾಗಿರಲಿಲ್ಲ, ಆದರೆ ಪಕ್ಕದ ಕೋಣೆಗೂ ಕೇಳುವಷ್ಟು ಜೋರಾಗಿತ್ತು.